ಪಿಕಪ್ ಮೇಲಿನ ಲೋಹದ ಕವರ್ ಮತ್ತು ಗಿಟಾರ್ ಸದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳೆಯರ ಎಲೆಕ್ಟ್ರಿಕ್ ಗಿಟಾರ್‌ಗಳಿಗೆ ಸಣ್ಣಪುಟ್ಟ ರಿಪೇರಿ ಮಾಡಿಕೊಡುವ ಚಟ ನನಗೆ ಬಹಳ ವರ್ಷಗಳಿಂದ ಇದೆ. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ: ಒಂದು ಅಯಸ್ಕಾಂತ, ಜೊತೆಗೆ ತೆಳು ಎಳೆಯ ಸುರುಳಿ, ಅಂದರೆ ಕಾಯಿಲ್. ಕೆಲವಕ್ಕೆ ಮೇಲೆ ಲೋಹದ ಕವರ್ ಇರುತ್ತದೆ. ಕೈಯಲ್ಲಿ ಸೋಲ್ಡರಿಂಗ್ ಐರನ್ ಕಂಡರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಈ ಕವರ್ ಕಿತ್ತು ಹಾಕಿದ್ರೆ ಸೌಂಡ್ ಓಪನ್ ಆಗುತ್ತಂತೆ, ಹೌದಾ?" ಹೌದು ಅಂದರೂ ಪೂರ್ತಿ ನಿಜವಲ್ಲ, ಇಲ್ಲ ಅಂದರೂ ನಿಜವಲ್ಲ. ಅದಕ್ಕೇ ಇಷ್ಟು ದಿನ ಬಂದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ.

ಒಂದೇ ಮಾತಲ್ಲಿ ಹೇಳಿ: ಕವರ್‌ನಿಂದ ಸದ್ದು ಬದಲಾಗುತ್ತಾ, ಇಲ್ವಾ?

ಬದಲಾಗುತ್ತದೆ. ಎಷ್ಟು ಅನ್ನುವುದು ಅದು ಯಾವ ಲೋಹ ಅನ್ನುವುದರ ಮೇಲಿದೆ. ತೆಳು ಜರ್ಮನ್ ಸಿಲ್ವರ್ ಆದರೆ ಟ್ರೆಬಲ್‌ನ, ಅಂದರೆ ತಾರ ಧ್ವನಿಯ, ತುದಿ ತುಸು ಮೆತ್ತಗಾಗುತ್ತದೆ, ಅಷ್ಟೇ. ದಪ್ಪ ಹಿತ್ತಾಳೆ ಆದರೆ ಯಾರ ಕಿವಿಗಾದರೂ ಗೊತ್ತಾಗುವಷ್ಟು ಮಂಕಾಗುತ್ತದೆ. ಪ್ಲಾಸ್ಟಿಕ್ ಆದರೆ ಏನೂ ಆಗುವುದಿಲ್ಲ. ಲೋಹದ ಕವರ್‌ಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ವಾದ ಮಾಡುವವರು ಅರ್ಧ ಜಗಳ ಸುಮ್ನೆ ಆಡುತ್ತಿರುತ್ತಾರೆ. ಒಬ್ಬನ ಗಿಟಾರ್‌ನಲ್ಲಿ ಹಿತ್ತಾಳೆ, ಇನ್ನೊಬ್ಬನದರಲ್ಲಿ ಜರ್ಮನ್ ಸಿಲ್ವರ್. ಇಬ್ಬರೂ ಅವರವರ ಮಟ್ಟಿಗೆ ಸರಿ.

ಅಷ್ಟಕ್ಕೂ ಈ ಕವರ್ ಯಾಕೆ ಬಂತು? ಚಂದಕ್ಕಾ?

ಚಂದ ಆಮೇಲಿನ ಮಾತು. ಮೊದಲ ಕಾರಣ ಗುಂಯ್‌ಗುಡುವ ಶಬ್ದ.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಗಿಬ್ಸನ್ ಕಾರ್ಖಾನೆ ಇತ್ತು. ಅಲ್ಲಿನ ಎಂಜಿನಿಯರ್ ಸೆತ್ ಲವರ್ 1955ರ ಜೂನ್ 22ರಂದು ಹಂಬಕರ್ ಪಿಕಪ್‌ಗೆ ಪೇಟೆಂಟ್ ಅರ್ಜಿ ಹಾಕಿದರು. ಎರಡು ಕಾಯಿಲ್‌ಗಳನ್ನು ಪಕ್ಕಪಕ್ಕ ಇಟ್ಟು, ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಹಮ್ ಒಂದರದ್ದು ಇನ್ನೊಂದರಲ್ಲಿ ವಜಾ ಆಗಿಹೋಗುವ ಹಾಗೆ ಜೋಡಿಸಿದ್ದು ಅವರ ಜಾಣತನ. ಆದರೆ ವೈರಿಂಗ್, ಟ್ಯೂಬ್‌ಲೈಟ್, ಡಿಮ್ಮರ್ ಇವುಗಳಿಂದ ಗಾಳಿಯಲ್ಲೇ ಬಂದು ಅಂಟಿಕೊಳ್ಳುವ ಕರಕರ ಶಬ್ದ ಬೇರೆ ಜಾತಿಯದು. ಅದಕ್ಕೆ ಎರಡು ಕಾಯಿಲ್ ಸಾಲದು. ಸುತ್ತಲೂ ಲೋಹದ ಡಬ್ಬಿ ಇಟ್ಟು, ಆ ಡಬ್ಬಿಯನ್ನು ಗ್ರೌಂಡ್‌ಗೆ ಸೇರಿಸಬೇಕು. ಕವರ್ ಅಂದರೆ ಆ ಡಬ್ಬಿ.

ಲವರ್ ಮೊದಲು ಸ್ಟೇನ್‌ಲೆಸ್ ಸ್ಟೀಲ್ ಕವರ್ ಮಾಡಿ ನೋಡಿದ್ದರು. ಸದ್ದಿಗೆ ಅದು ಒಳ್ಳೆಯದೇ, ಆದರೆ ಸೋಲ್ಡರ್ ಅಂಟುವುದಿಲ್ಲ. ಹಿತ್ತಾಳೆಗೆ ಸೋಲ್ಡರ್ ಚೆನ್ನಾಗಿ ಅಂಟುತ್ತದೆ, ಆದರೆ ಟ್ರೆಬಲ್ ತಿನ್ನುತ್ತದೆ. ಎರಡರ ನಡುವೆ ಸಿಕ್ಕಿದ್ದು ಜರ್ಮನ್ ಸಿಲ್ವರ್. ಅಂದರೆ ಕವರ್ ಸದ್ದು ಕೆಡಿಸಬಹುದು ಅನ್ನುವ ವಿಷಯ ನಾವು ಕಂಡುಹಿಡಿದದ್ದಲ್ಲ. ಕವರ್ ಮಾಡಿದವರೇ ಅದನ್ನು ಯೋಚಿಸಿ ಲೋಹ ಆರಿಸಿದ್ದರು.

ಪೇಟೆಂಟ್ ಕೈಗೆ ಬಂದಿದ್ದು 1959ರ ಜುಲೈ 28ಕ್ಕೆ. ಅರ್ಜಿ ಹಾಕಿದೆ ಅಂತ ಸಾರುವ ಸಣ್ಣ ಚೀಟಿ ಪಿಕಪ್‌ಗಳ ಬೆನ್ನಿಗೆ ಅಂಟಿರುತ್ತಿತ್ತು. ಇಂಗ್ಲಿಷ್‌ನಲ್ಲಿದ್ದ "ಪೇಟೆಂಟ್ ಅಪ್ಲೈಡ್ ಫಾರ್" ಅನ್ನುವ ಆ ಮೂರು ಪದಗಳ ಮೊದಲಕ್ಷರಗಳಿಂದಲೇ ಪಿಎಎಫ್ ಅನ್ನುವ ಹೆಸರು ಹುಟ್ಟಿತು. ಆಮೇಲೆ ಬಂದ ಚೀಟಿಯಲ್ಲಿ ಪೇಟೆಂಟ್ ನಂಬರ್ ಹಾಕಿದರು. ತಮಾಷೆ ಏನಂದರೆ, ಅದರಲ್ಲಿದ್ದ 2,737,842 ಹಂಬಕರ್‌ನ ನಂಬರೇ ಅಲ್ಲ. ಅದು ಗಿಟಾರ್‌ವಾದಕ ಲೆಸ್ ಪಾಲ್ ಅವರ ಟೇಲ್‌ಪೀಸ್‌ನ (ತಂತಿಗಳ ತುದಿ ಹಿಡಿಯುವ ಭಾಗದ) ಪೇಟೆಂಟ್! ಹಂಬಕರ್‌ನದು 2,896,491.

ಕವರ್ ತಂತಿಯನ್ನು ಮುಟ್ಟುವುದೂ ಇಲ್ಲ, ಕಾಯಿಲ್‌ಗೂ ತಾಗುವುದಿಲ್ಲ. ಸದ್ದು ಹೇಗೆ ಬದಲಾಗುತ್ತದೆ?

ಹಳೆ ಕಾಲದ ಕರೆಂಟ್ ಮೀಟರ್ ನೆನಪಿದೆಯಾ? ಗಾಜಿನ ಒಳಗೆ ಒಂದು ಅಲ್ಯುಮಿನಿಯಂ ಬಿಲ್ಲೆ ತಿರುಗುತ್ತಿತ್ತು, ಅಂಚಿನಲ್ಲಿ ಒಂದು ಗುರುತು. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಸರ್ರನೆ ಓಡುತ್ತಿತ್ತು. ಆ ಬಿಲ್ಲೆಗೆ ಯಾವ ವೈರೂ ಸೇರಿಲ್ಲ. ಬದಲಾಗುವ ಅಯಸ್ಕಾಂತ ಬಲ ಬಿಲ್ಲೆಯ ಒಳಗೇ ಕರೆಂಟಿನ ಸುಳಿಗಳನ್ನು ಎಬ್ಬಿಸುತ್ತದೆ. ಅದನ್ನು ತಿರುಗಿಸುವುದೂ ಅದೇ ಸುಳಿ. ಪಕ್ಕದಲ್ಲಿ ಒಂದು ಅಯಸ್ಕಾಂತ ಇಟ್ಟು ಬ್ರೇಕ್ ಹಾಕುವುದೂ ಅದೇ ಸುಳಿಯಿಂದ. ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಅಂಟದ ಲೋಹ, ಆದರೂ ಬ್ರೇಕ್ ಬೀಳುತ್ತದೆ.

ಗಿಟಾರ್‌ನಲ್ಲೂ ಅಷ್ಟೇ. ತಂತಿ ಕಂಪಿಸಿದಾಗ ಪಿಕಪ್‌ನ ಅಯಸ್ಕಾಂತ ಬಲ ಅಲುಗಾಡುತ್ತದೆ. ಕಾಯಿಲ್‌ನಲ್ಲಿ ಸಿಗ್ನಲ್ ಹುಟ್ಟುವುದು ಹೀಗೆ. ನಡುವೆ ಲೋಹದ ಹಾಳೆ ಇದ್ದರೆ ಅದರಲ್ಲೂ ಸುಳಿಗಳು ಏಳುತ್ತವೆ. ಇವುಗಳ ಸ್ವಭಾವವೇ ಬದಲಾವಣೆಯನ್ನು ಎದುರಿಸುವುದು. ಬದಲಾವಣೆ ಎಷ್ಟು ಬೇಗವೋ ಸುಳಿ ಅಷ್ಟು ಜೋರು. ಮಂದ್ರದ ಸ್ವರ ಸೆಕೆಂಡಿಗೆ ನೂರು ಸಲ ಅಲುಗುತ್ತದೆ, ಅದಕ್ಕೆ ತಡೆ ಅಷ್ಟಾಗಿ ತಾಗುವುದಿಲ್ಲ. ಪಿಕ್ ತಾಗಿದಾಗಿನ ಚಟ್ ಅನ್ನುವ ಮೊನೆ, ತಂತಿಯ ಕಿಣಿಕಿಣಿ ಇವೆಲ್ಲ ಸೆಕೆಂಡಿಗೆ ಸಾವಿರಾರು ಸಲ ಅಲುಗುವಂಥವು. ಪೆಟ್ಟು ಬೀಳುವುದು ಅವಕ್ಕೇ. ಅದಕ್ಕೇ ಕವರ್ ಬಾಸ್ ಕಡಿಮೆ ಮಾಡುವುದಿಲ್ಲ, ಟ್ರೆಬಲ್‌ನ ಚೂಪು ತೆಗೆಯುತ್ತದೆ.

ಮನೆಯಲ್ಲೇ ನೋಡಬೇಕಾ? ಒಂದು ದಪ್ಪ ಅಲ್ಯುಮಿನಿಯಂ ದೋಸೆ ಹಂಚು ತಗೊಳ್ಳಿ. ಇಂಡಕ್ಷನ್ ಒಲೆಗೆ ಆಗುವಂಥದ್ದು ಬೇಡ, ಅದರ ತಳದಲ್ಲಿ ಉಕ್ಕು ಇರುತ್ತದೆ. ಹಂಚನ್ನು ಓರೆಯಾಗಿ ಹಿಡಿದು ಮೇಲಿಂದ ಸಣ್ಣ ನಿಯೋಡೈಮಿಯಂ ಅಯಸ್ಕಾಂತ ಜಾರಿಸಿ. ಎಣ್ಣೆ ಮೇಲೆ ಇಳಿದಂತೆ ನಿಧಾನವಾಗಿ ಇಳಿಯುತ್ತದೆ. ಅದೇ ಓರೆಯಲ್ಲಿ ಮರದ ಮಣೆ ಹಿಡಿದರೆ ಸರ್ರ್ ಅಂತ ಜಾರುತ್ತದೆ. ನಿಮ್ಮ ಟ್ರೆಬಲ್‌ಗೆ ಆಗುವುದೂ ಇದೇ, ಸಣ್ಣ ಪ್ರಮಾಣದಲ್ಲಿ.

ಜರ್ಮನ್ ಸಿಲ್ವರ್ ಅಂದ್ರೆ ಗೃಹಪ್ರವೇಶದಲ್ಲಿ ಕೊಡ್ತಾರಲ್ಲ, ಕುಂಕುಮದ ಭರಣಿ, ಅದೇನಾ?

ಹೆಸರು ಅದೇ. ತಾಮ್ರ, ನಿಕಲ್, ಸತು ಸೇರಿಸಿದ ಮಿಶ್ರಲೋಹ. ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ಅಂಗಡಿಯಲ್ಲಿ ಈ ಹೆಸರಿನಲ್ಲಿ ಮಾರುವ ಎಲ್ಲ ತಟ್ಟೆ ಬಟ್ಟಲೂ ನಿಜಕ್ಕೂ ಅದೇ ಲೋಹ ಅಂತ ಮಾತ್ರ ನಂಬಬೇಡಿ. ಎಷ್ಟೋ ಸಲ ಒಳಗೆ ಹಿತ್ತಾಳೆ, ಮೇಲೆ ಬಿಳಿ ಲೇಪ.

ಗಿಟಾರ್‌ಗೆ ಇದರಲ್ಲಿ ಬೇಕಾದ ಗುಣ ಒಂದೇ: ಕರೆಂಟಿಗೆ ಸಲೀಸಾಗಿ ದಾರಿ ಬಿಡುವುದಿಲ್ಲ. ತಾಮ್ರದ ತಡೆಯನ್ನು 1 ಅಂತ ಇಟ್ಟುಕೊಂಡರೆ ಅಲ್ಯುಮಿನಿಯಂ ಸುಮಾರು ಒಂದೂವರೆ, ಹಿತ್ತಾಳೆ ಸುಮಾರು 4, ಜರ್ಮನ್ ಸಿಲ್ವರ್ 17ರ ಆಸುಪಾಸು, ಪಾತ್ರೆ ಮಾಡುವ ಸ್ಟೇನ್‌ಲೆಸ್ ಸ್ಟೀಲ್ 40ರ ಆಸುಪಾಸು. ಬೆರಕೆ ಬದಲಾದರೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ತಡೆ ಜಾಸ್ತಿ ಇದ್ದಷ್ಟೂ ಸುಳಿ ದುರ್ಬಲ, ಟ್ರೆಬಲ್ ಉಳಿಯುತ್ತದೆ. ಹಿತ್ತಾಳೆಗೂ ಜರ್ಮನ್ ಸಿಲ್ವರ್‌ಗೂ ನಾಲ್ಕು ಪಟ್ಟು ವ್ಯತ್ಯಾಸ ಇದೆ ನೋಡಿ. ಕವರ್ ಬಗೆಗಿನ ಇಡೀ ಜಗಳ ಇರುವುದು ಈ ನಾಲ್ಕು ಪಟ್ಟಿನಲ್ಲಿ.

ನನ್ನ ಗಿಟಾರ್‌ನ ಕವರ್ ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಹೊರಗಿಂದ ನೋಡಿದರೆ ಗೊತ್ತಾಗದು. ಎರಡಕ್ಕೂ ನಿಕಲ್ ಅಥವಾ ಕ್ರೋಮ್ ಹೊಳಪು ಇರುತ್ತದೆ. ಪಿಕಪ್ ಹೊರಗೆ ತೆಗೆದು, ಕವರ್‌ನ ಒಳ ಅಂಚಿನಲ್ಲಿ ಕಾಣದ ಕಡೆ ಬ್ಲೇಡಿನಿಂದ ಚೂರು ಕೆರೆಯಿರಿ. ಹಳದಿ ಕಂಡರೆ ಹಿತ್ತಾಳೆ. ಬೂದು ಬಿಳಿ ಕಂಡರೆ ಜರ್ಮನ್ ಸಿಲ್ವರ್. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಎರಡೂ ಅಂಟುವುದಿಲ್ಲ, ನಿಕಲ್ ಲೇಪ ಇದ್ದರೆ ಎರಡೂ ಒಂಚೂರು ಎಳೆದಂತೆ ಅನ್ನಿಸಬಹುದು. ಗಟ್ಟಿಯಾಗಿ ಅಂಟಿದರೆ ಅದು ಕಬ್ಬಿಣದ ಜಾತಿ, ಅದನ್ನು ಪಿಕಪ್ ಮೇಲೆ ಇಡಲೇಬಾರದು.

ನನಗೂ ಒಮ್ಮೆ ಬರೆ ಬಿದ್ದಿದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಜೊತೆ ಕವರ್ ತರಿಸಿದೆ. ಪಟ್ಟಿಯಲ್ಲಿ ಜರ್ಮನ್ ಸಿಲ್ವರ್ ಅಂತಲೇ ಬರೆದಿತ್ತು. ನೆಕ್ ಪಿಕಪ್‌ಗೆ (ಗಿಟಾರ್‌ನ ಕತ್ತಿನ ಕಡೆ ಇರುವುದು) ಕೂರಿಸಿ ಆಂಪ್ (ಆಂಪ್ಲಿಫೈಯರ್) ಹಚ್ಚಿದರೆ ಸದ್ದಿಗೆ ಕಂಬಳಿ ಹೊದಿಸಿದ ಹಾಗೆ. ವೈರಿಂಗ್ ತಪ್ಪಿರಬೇಕು ಅಂತ ಒಂದು ಸಂಜೆ ಪೂರ್ತಿ ಪಾಟ್ (ವಾಲ್ಯೂಮ್, ಟೋನ್ ಹೆಚ್ಚು ಕಡಿಮೆ ಮಾಡುವ ಭಾಗ), ಕೆಪ್ಯಾಸಿಟರ್ ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಕೊನೆಗೆ ಮಿಕ್ಕಿದ್ದ ಇನ್ನೊಂದು ಕವರ್‌ನ ಒಳಗೆ ಕೆರೆದು ನೋಡಿದೆ. ದೀಪದ ಕಂಬದ ಹಾಗೆ ಹಳದಿ. ಆವತ್ತಿನಿಂದ ಮೊದಲು ಕೆರೆಯುವುದು, ಆಮೇಲೆ ಸೋಲ್ಡರ್.

ನಾನು ಕವರ್ ತೆಗೆದೆ, ಸದ್ದು ಅದ್ಭುತವಾಗಿ ತೆರೆದುಕೊಂಡಿತು. ನೀವು "ತುಸು" ಅಂತೀರಲ್ಲ?

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕವರ್ ತೆಗೆಯಲು ತಂತಿ ಬಿಚ್ಚಿದಿರಿ ಅಲ್ವಾ? ಮತ್ತೆ ಹಾಕಿದ್ದು ಹಳೆ ತಂತಿಯನ್ನೋ, ಹೊಸದನ್ನೋ?

ಹತ್ತರಲ್ಲಿ ಒಂಬತ್ತು ಜನ ಇಲ್ಲಿ ನಗುತ್ತಾರೆ. ಮೂರು ತಿಂಗಳ ಬೆವರು ಕುಡಿದ ತಂತಿ ತೆಗೆದು ಹೊಸದು ಹಾಕಿದರೆ ಯಾವ ಗಿಟಾರ್ ಆದರೂ ತೆರೆದುಕೊಳ್ಳುತ್ತದೆ. ಎರಡನೆಯದು ಎತ್ತರ. ಪಿಕಪ್ ಮತ್ತೆ ಕೂರಿಸುವಾಗ ಸ್ಕ್ರೂ ಎರಡು ಸುತ್ತು ಜಾಸ್ತಿ ತಿರುಗಿರುತ್ತದೆ, ಕಾಯಿಲ್ ತಂತಿಗೆ ಹತ್ತಿರ ಬಂದಿರುತ್ತದೆ. ಹತ್ತಿರ ಬಂದರೆ ಸದ್ದು ಜೋರು, ಜೋರಾದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಇಷ್ಟಾದ ಮೇಲೆ ಮೆಚ್ಚುಗೆಯೆಲ್ಲ ಪಾಪ ಆ ಕವರ್ ಲೆಕ್ಕಕ್ಕೆ ಹೋಗುತ್ತದೆ.

ನಾನು ಒಮ್ಮೆ ಸರಿಯಾಗಿ ಮಾಡಿ ನೋಡೋಣ ಅಂತ ಕೂತೆ. ಮೊದಲ ಫ್ರೆಟ್ ಮೇಲೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ತಂತಿ ಕಳಚದಂತೆ ಹಿಡಿದಿಟ್ಟೆ. ತಂತಿ ಬಿಚ್ಚಲಿಲ್ಲ, ಸಡಿಲ ಮಾತ್ರ ಮಾಡಿದೆ. ಪಿಕಪ್ ರಿಂಗ್ ಕಳಚಿ ಪಕ್ಕದಿಂದ ಎಳೆದು ಹೊರಗೆ ತೆಗೆದು ಕವರ್ ಬಿಚ್ಚಿದೆ. ಮತ್ತೆ ಕೂರಿಸಿ, ಕೊನೆ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಪಿಕಪ್ ಮೇಲೆ ಸಾಲಾಗಿ ಕಾಣುವ ಪೋಲ್ ಸ್ಕ್ರೂಗೂ ನಡುವಿನ ಅಂತರ ಮೊದಲಿನಷ್ಟೇ ಇಟ್ಟೆ. ಮೊದಲೂ ಆಮೇಲೂ ಅದೇ ಕೇಬಲ್, ಅದೇ ಆಂಪ್, ರೆಕಾರ್ಡಿಂಗ್‌ನಲ್ಲಿ ಅದೇ ನಾಲ್ಕು ಸಾಲು. ಆಮೇಲೆ ಗೆಳೆಯನಿಗೆ ಯಾವುದು ಯಾವುದೆಂದು ಹೇಳದೆ ಕೇಳಿಸಿದೆ. ಕ್ಲೀನ್ ಸದ್ದಿನಲ್ಲಿ, ನೆಕ್ ಪಿಕಪ್‌ನಲ್ಲಿ, ಹೆಡ್‌ಫೋನ್ ಹಾಕಿಕೊಂಡು ಅವನು ಹಿಡಿದುಬಿಟ್ಟ. ಡಿಸ್ಟಾರ್ಷನ್ ಹಾಕಿದ ಮೇಲೆ ಊಹೆ ಮಾಡಲು ಶುರು ಮಾಡಿದ. ಬ್ಯಾಂಡ್ ಜೊತೆಗಿನ ರೆಕಾರ್ಡಿಂಗ್ ಹಾಕಿದಾಗ, "ಸುಮ್ನೆ ಟೀ ಮಾಡು" ಅಂದ. ಆ ಕವರ್ ಜರ್ಮನ್ ಸಿಲ್ವರ್. ಮೇಲೆ ಹೇಳಿದ ಹಿತ್ತಾಳೆ ಕವರ್ ಆಗಿದ್ದರೆ ಪಕ್ಕದ ಕೋಣೆಯಿಂದಲೇ ಹೇಳಿರುತ್ತಿದ್ದ.

ಹಾಗಾದರೆ ಯಾವುದು ಜಾಸ್ತಿ ಬದಲಾಯಿಸುತ್ತೆ?

ನಿಮ್ಮ ಕೇಬಲ್. ತಮಾಷೆ ಅಲ್ಲ, ಲೆಕ್ಕ ಹಾಕಿ ತೋರಿಸುತ್ತೇನೆ.

ಪಿಕಪ್‌ಗೆ ಒಂದು ಶಿಖರ ಇರುತ್ತದೆ: ಯಾವುದೋ ಒಂದು ಫ್ರೀಕ್ವೆನ್ಸಿಯ ಹತ್ತಿರ ಸದ್ದು ಉಬ್ಬುತ್ತದೆ, ಅದರಾಚೆ ಇಳಿದುಹೋಗುತ್ತದೆ. ಶಿಖರ ಎಲ್ಲಿ ಬೀಳಬೇಕು ಅನ್ನುವುದನ್ನು ಕಾಯಿಲ್‌ನ ಇಂಡಕ್ಟೆನ್ಸ್, ಅದಕ್ಕೆ ಸೇರಿದ ಕೆಪ್ಯಾಸಿಟೆನ್ಸ್ ಇವೆರಡೂ ಸೇರಿ ನಿರ್ಧರಿಸುತ್ತವೆ. ಒಂದು ಹಂಬಕರ್‌ಗೆ 4.5 ಹೆನ್ರಿ ಇಂಡಕ್ಟೆನ್ಸ್ ಇದೆ, ಕಾಯಿಲ್‌ನ ಸ್ವಂತ ಕೆಪ್ಯಾಸಿಟೆನ್ಸ್ 100 ಪಿಕೋಫ್ಯಾರಡ್ ಇದೆ ಅಂದುಕೊಳ್ಳಿ. ಸಾಧಾರಣ ಕೇಬಲ್ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಸೇರಿಸುತ್ತದೆ.

3 ಮೀಟರ್ ಕೇಬಲ್ ಹಾಕಿದರೆ ಒಟ್ಟು 400. ಶಿಖರ ಸುಮಾರು 3,750 ಹರ್ಟ್ಸ್‌ಗೆ ಬೀಳುತ್ತದೆ. 6 ಮೀಟರ್ ಆದರೆ ಒಟ್ಟು 700. ಶಿಖರ ಸುಮಾರು 2,840ಕ್ಕೆ ಇಳಿಯುತ್ತದೆ. ಈಗ ಕವರ್ ಸೇರಿಸೋಣ. ಗ್ರೌಂಡ್ ಆದ ಲೋಹ ಕಾಯಿಲ್‌ಗೆ ಅಷ್ಟು ಹತ್ತಿರ ಇದ್ದರೆ ಅದೂ ಸ್ವಲ್ಪ ಕೆಪ್ಯಾಸಿಟೆನ್ಸ್ ತರುತ್ತದೆ. ಧಾರಾಳವಾಗಿ 50 ಅಂತಲೇ ಹಿಡಿಯಿರಿ. 700 ಹೋಗಿ 750 ಆಯಿತು, ಶಿಖರ 2,740. ಬರೀ 100 ಹರ್ಟ್ಸ್ ಕಡಿಮೆ. ಕೇಬಲ್ ಉದ್ದ ಮಾಡಿದಾಗ ಹೋಗಿದ್ದು 900.

ಸುಳಿ ಕರೆಂಟಿನ ಕೆಲಸ ಇದಕ್ಕಿಂತ ಬೇರೆ. ಅದು ಶಿಖರವನ್ನು ಜರುಗಿಸುವುದಕ್ಕಿಂತ ಜಾಸ್ತಿ ಅದರ ನೆತ್ತಿ ತಟ್ಟಿ ಚಪ್ಪಟೆ ಮಾಡುತ್ತದೆ. ವಾಲ್ಯೂಮ್ ಪಾಟ್ 500 ಕಿಲೋಓಮ್ ಇದ್ದದ್ದನ್ನು 250 ಮಾಡಿದರೂ ಹೀಗೇ ಆಗುತ್ತದೆ, ಒಳ್ಳೆ ಕವರ್‌ಗಿಂತ ಜೋರಾಗಿಯೇ ಆಗುತ್ತದೆ. ಇನ್ನು ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ತಾನೇ ಕೈಚೆಲ್ಲುತ್ತದೆ. ಅಲ್ಲಿಂದಾಚೆ ಕವರ್ ಏನು ತಿಂದರೂ ಯಾರಿಗೂ ಕೇಳುವುದಿಲ್ಲ.

ಕವರ್ ತೆಗೆದರೆ ಹಮ್ ಜಾಸ್ತಿ ಆಗುತ್ತಾ?

ಹಂಬಕರ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ನ 50 ಹರ್ಟ್ಸ್ ಹಮ್ ಜಾಸ್ತಿ ಆಗುವುದಿಲ್ಲ, ಅದನ್ನು ತಡೆಯುತ್ತಿದ್ದದ್ದು ಎರಡು ಕಾಯಿಲ್‌ಗಳ ಜೋಡಿ. ತೆಳು ಕವರ್‌ಗೆ ಆ ಶಕ್ತಿಯೂ ಇಲ್ಲ. ಜಾಸ್ತಿ ಆಗಬಹುದಾದದ್ದು ಕರಕರ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅರ್ಧಕ್ಕೆ ಇಟ್ಟು ನೋಡಿ, ಗೊತ್ತಾಗುತ್ತದೆ. ಮನೆಯಲ್ಲಿ ಅರ್ತಿಂಗ್ ಸರಿ ಇಲ್ಲದಿದ್ದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಗಿಟಾರ್ ಒಳಗೆ ವೈರಿಂಗ್ ಇರುವ ಕುಳಿಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್ ಮಾಡಿದರೆ ಬಹಳಷ್ಟು ತಗ್ಗುತ್ತದೆ. ಬೆಂಗಳೂರಿನವರಾದರೆ ಟೇಪಿಗೆ ಎಸ್‌ಪಿ ರಸ್ತೆಯಲ್ಲಿ ವಿಚಾರಿಸಿ.

ಕವರ್ ಇದ್ದೂ ಗ್ರೌಂಡ್ ಆಗಿಲ್ಲದಿದ್ದರೆ ಅದು ಇಲ್ಲದ್ದಕ್ಕಿಂತ ಕಷ್ಟ. ಬೆರಳು ತಾಗಿದಾಗೆಲ್ಲ ಟಪ್ ಅನ್ನುತ್ತದೆ.

ಜೋರಾಗಿ ನುಡಿಸಿದರೆ ಕವರ್ ಇರುವ ಪಿಕಪ್ ಕೀಂ ಅಂತ ಕಿರುಚುತ್ತದೆ. ಯಾಕೆ?

ಕವರ್‌ಗೂ ಕಾಯಿಲ್‌ಗೂ ನಡುವೆ ಸಂದು ಇದೆ, ಕವರ್ ತಾನೇ ತಮಟೆಯ ಹಾಗೆ ಕಂಪಿಸುತ್ತಿದೆ. ಆಂಪ್‌ನ ಸದ್ದಿಗೆ ಅದು ನಡುಗುತ್ತದೆ, ಆ ನಡುಕ ಪಿಕಪ್ ಮೂಲಕ ಮತ್ತೆ ಆಂಪ್‌ಗೆ ಹೋಗುತ್ತದೆ, ಸುತ್ತು ನಿಲ್ಲುವುದೇ ಇಲ್ಲ. ಉಗುರಿನಿಂದ ಕವರ್ ಮೇಲೆ ತಟ್ಟಿ. ಆಂಪ್‌ನಲ್ಲಿ ಟಕಟಕ ಸ್ಪಷ್ಟವಾಗಿ ಕೇಳಿದರೆ ಇದೇ ಕಾಯಿಲೆ.

ಔಷಧ ಮೇಣ. ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಜೇನುಮೇಣ ಸೇರಿಸಿ ಕರಗಿಸಿ, ಪಿಕಪ್ ಅದರಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಬಿಡಬೇಕು. ಶಾಖ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು, ಜಾಸ್ತಿ ಆದರೆ ಒಳಗಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಪಾತ್ರೆಯನ್ನು ನೇರ ಉರಿ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮೇಣದ ಆವಿಗೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸಲು ಆಗದು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಕೊಟ್ಟರೆ ಮನೆಯಲ್ಲಿ ಏನಾಗುತ್ತದೆ ಅನ್ನುವುದು ನನಗೆ ಗೊತ್ತು, ಹೇಳುವುದಿಲ್ಲ.

1950ರ ದಶಕದ ಪಿಎಎಫ್‌ಗಳಿಗೆ ಮೇಣ ಹಾಕಿರಲಿಲ್ಲ. ಆ ಸ್ವಲ್ಪ ನಡುಕವೇ ಅವಕ್ಕೆ ಜೀವ ಕೊಡುತ್ತದೆ ಅನ್ನುವವರಿದ್ದಾರೆ. ಸಣ್ಣ ಕೋಣೆಯಲ್ಲಿ ಕ್ಲೀನ್ ನುಡಿಸುವವರು ಹಾಗೇ ಬಿಟ್ಟರೆ ಏನೂ ತೊಂದರೆ ಇಲ್ಲ.

ಹಳೆ ರಾಕ್ ಗಿಟಾರ್‌ವಾದಕರು ಕವರ್ ಕಿತ್ತು ಹಾಕಿದ್ದು ಸದ್ದಿಗೇ ತಾನೇ?

1960ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನ ಬ್ಲೂಸ್ ಹುಡುಗರಲ್ಲಿ ಇದು ಜೋರಾಯಿತು. ಎರಿಕ್ ಕ್ಲಾಪ್ಟನ್ ಅವರ ಗಿಬ್ಸನ್ ಲೆಸ್ ಪಾಲ್ ಗಿಟಾರ್ ಅದರಲ್ಲಿ ಹೆಸರಾದದ್ದು. ಸ್ವಲ್ಪ ಚುರುಕು ಸಿಗಲಿ ಅನ್ನುವುದೂ ಇತ್ತು, ಜೋರು ಆಂಪ್ ಮುಂದೆ ಕಿರುಚಾಟ ಕಡಿಮೆ ಆಗಲಿ ಅನ್ನುವುದೂ ಇತ್ತು. ಆಮೇಲೆ ಅದು ಫ್ಯಾಷನ್ ಆಯಿತು.

ಆಗ ಇನ್ನೊಂದು ಗುಟ್ಟು ಹೊರಗೆ ಬಂತು. 1959ರ ಸುಮಾರಿಗೆ ಕಾಯಿಲ್ ಸುತ್ತುವ ಕಪ್ಪು ಪ್ಲಾಸ್ಟಿಕ್ ಬಾಬಿನ್‌ಗಳಿಗೆ ಕೊರತೆ ಬಂದು, ಕೆನೆ ಬಣ್ಣದವನ್ನು ಹಾಕಿದ್ದರು. ಹೇಗೂ ಕವರ್ ಮುಚ್ಚುತ್ತದೆ, ಯಾರು ನೋಡುತ್ತಾರೆ ಅಂತ. ಕವರ್ ತೆಗೆದಾಗ ಕೆಲವರದು ಎರಡೂ ಕಪ್ಪು, ಕೆಲವರದು ಎರಡೂ ಕೆನೆ, ಕೆಲವರದು ಒಂದು ಕಪ್ಪು ಒಂದು ಕೆನೆ. ಈ ಬೆರಕೆಗೆ ಜೀಬ್ರಾ ಅಂತ ಹೆಸರು ಬಿತ್ತು. ಇವತ್ತು ಬೇಕೆಂದೇ ಹಾಗೆ ಮಾಡಿ ಮಾರುತ್ತಾರೆ. ಸದ್ದಿಗೆ ಬಣ್ಣದಿಂದ ಏನೂ ಆಗುವುದಿಲ್ಲ, ಇದನ್ನೂ ಕೇಳಿದವರಿದ್ದಾರೆ.

ಫೆಂಡರ್ ಟೆಲಿಕಾಸ್ಟರ್ ಗಿಟಾರ್‌ನ ನೆಕ್ ಪಿಕಪ್ ಕವರ್ ತೆಗೆಯಬಹುದಾ?

ತೆಗೆಯಬೇಡಿ. ಅದರ ಕಾಯಿಲ್ ಸುತ್ತಲು ಸಾಮಾನ್ಯವಾಗಿ 43 ಗೇಜಿನ ಎಳೆ ಬಳಸುತ್ತಾರೆ, ದಪ್ಪ ಸುಮಾರು 0.056 ಮಿಲಿಮೀಟರ್. ತಲೆಕೂದಲಿನ ಲೆಕ್ಕ. ಕವರ್ ತೆಗೆದರೆ ಅದಕ್ಕೆ ಬೇರೆ ರಕ್ಷಣೆ ಇಲ್ಲ. ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಮುಗಿಯಿತು. ಆ ಪಿಕಪ್‌ನ ಮೆದು ಸದ್ದಿನಲ್ಲಿ ಕವರ್‌ನ ಪಾಲೂ ಇದೆ, ಜಾಝ್ ನುಡಿಸುವವರು ಅದನ್ನೇ ಇಷ್ಟಪಟ್ಟು ಇಟ್ಟುಕೊಳ್ಳುತ್ತಾರೆ. ಹಿತ್ತಾಳೆ ಕವರ್ ಆಗಿ ತೀರಾ ಮಂಕಾಗಿದ್ದರೆ ಪಿಕಪ್ಪನ್ನೇ ಬದಲಾಯಿಸುವುದು ವಾಸಿ.

ನಾಲ್ಕು ಸ್ಥಾನದ ಸ್ವಿಚ್ ಹಾಕಿ ಎರಡೂ ಪಿಕಪ್ ಸಾಲಾಗಿ (ಸೀರೀಸ್‌ನಲ್ಲಿ) ಜೋಡಿಸುವವರಿಗೆ ಒಂದು ಎಚ್ಚರಿಕೆ. ಈ ಕವರ್ ಸಾಮಾನ್ಯವಾಗಿ ಒಂದು ಚೋಟು ವೈರಿನಿಂದ ಕಾಯಿಲ್‌ನ ಗ್ರೌಂಡ್ ತುದಿಗೆ ಸೇರಿರುತ್ತದೆ. ಸಾಲಾಗಿ ಜೋಡಿಸಿದಾಗ ಆ ತುದಿ ಗ್ರೌಂಡ್ ಆಗಿ ಉಳಿಯುವುದಿಲ್ಲ. ಕವರ್ ಮುಟ್ಟಿದರೆ ಗುಂಯ್ ಅನ್ನುತ್ತದೆ. ಆ ಚೋಟು ವೈರ್ ಕತ್ತರಿಸಿ, ಕವರ್‌ಗೆ ಬೇರೆಯೇ ಗ್ರೌಂಡ್ ವೈರ್ ಎಳೆಯಿರಿ.

ಕವರ್ ಮೇಲೆ ತೂತು, ಸೀಳು ಇರುವ ಪಿಕಪ್‌ಗಳು?

ಸುಳಿ ತಿರುಗಲು ಅಡ್ಡಿಯಿಲ್ಲದ ಜಾಗ ಬೇಕು. ಲೋಹ ಕತ್ತರಿಸಿದ್ದರೆ ಸುಳಿ ದುರ್ಬಲ. ರೇ ಬಟ್ಸ್ ಗ್ರೆಚ್ ಕಂಪನಿಗೆ ಮಾಡಿಕೊಟ್ಟ ಫಿಲ್ಟರ್‌ಟ್ರಾನ್‌ನ ಕವರ್ ಮೇಲೆ ದೊಡ್ಡ ಕಿಂಡಿಗಳಿವೆ. ಅದರ ಕಿಣಿಕಿಣಿಗೆ ಇನ್ನೂ ಬೇರೆ ಕಾರಣಗಳಿವೆ ಅನ್ನಿ. ಡ್ಯಾನ್‌ಎಲೆಕ್ಟ್ರೋ ಗಿಟಾರ್‌ಗಳದ್ದು ಇನ್ನೊಂದು ಕಥೆ: ಅವರು ಪಿಕಪ್ಪನ್ನು ಲಿಪ್‌ಸ್ಟಿಕ್ ಕೊಳವೆಯೊಳಗೇ ತುರುಕಿದರು. ಪೂರ್ತಿ ಲೋಹದ ಕೊಳವೆ, ಆದರೂ ಸದ್ದು ಗರಿಗರಿ. ಒಳಗಿನ ಕಾಯಿಲ್ ಚಿಕ್ಕದು, ಉಳಿದೆಲ್ಲ ಅದಕ್ಕೆ ಹೊಂದಿಕೊಂಡಿದೆ. ಬರೀ ಕವರ್ ನೋಡಿ ಸದ್ದು ಹೇಳಲು ಆಗುವುದಿಲ್ಲ ಅನ್ನುವುದಕ್ಕೆ ನಾನು ಇದನ್ನೇ ತೋರಿಸುವುದು.

ನಿಕಲ್, ಕ್ರೋಮ್, ಚಿನ್ನದ ಲೇಪ: ಸದ್ದಿನಲ್ಲಿ ವ್ಯತ್ಯಾಸ ಇದೆಯಾ?

ಇಲ್ಲ. ಲೇಪ ಅಷ್ಟು ತೆಳು. ನೋಡಲು ಮಾತ್ರ ವ್ಯತ್ಯಾಸ. ನಿಕಲ್ ಕಾಲ ಕಳೆದಂತೆ ಮಸುಕಾಗುತ್ತದೆ, ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಕ್ರೋಮ್ ಹೊಳೆಯುತ್ತಲೇ ಇರುತ್ತದೆ. ಚಿನ್ನ ಅಂಗೈ ತಾಗುವ ಕಡೆ ಸವೆದುಹೋಗುತ್ತದೆ.

ಮಸುಕಾಗಿದೆ ಅಂತ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಹುಳಿ ನೀರು ಸ್ಕ್ರೂ ಸಂದಿಯಿಂದ ಒಳಗಿಳಿದರೆ ಕಾಯಿಲ್‌ನ ಎಳೆಗೆ ತುಕ್ಕು. ಒಣ ಹತ್ತಿ ಬಟ್ಟೆ ಸಾಕು.

ಸರಿ, ತೆಗೆಯಲೇಬೇಕು ಅಂತ ನಿರ್ಧರಿಸಿದ್ದೇನೆ. ಹೇಗೆ?

ಪಿಕಪ್ ಮಗುಚಿ ನೋಡಿ. ಉದ್ದ ಬದಿಗಳಲ್ಲಿ ಒಂದೊಂದು ಕಡೆ ಸೋಲ್ಡರ್ ಗಡ್ಡೆ ಕವರನ್ನು ತಳದ ತಗಡಿಗೆ ಹಿಡಿದಿರುತ್ತದೆ. ಇದನ್ನು ಕರಗಿಸುವುದಕ್ಕಿಂತ ಸಣ್ಣ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯುವುದು ವಾಸಿ. ಮೊಬೈಲ್ ರಿಪೇರಿಗೆ ಬಳಸುವ 25 ವ್ಯಾಟ್ ಐರನ್ ಇಷ್ಟು ದೊಡ್ಡ ತಗಡನ್ನು ಬಿಸಿ ಮಾಡಲು ಏದುಸಿರು ಬಿಡುತ್ತದೆ. ಅದು ಬಿಸಿಯಾಗುವಷ್ಟರಲ್ಲಿ ಒಳಗಿನ ಬಾಬಿನ್ ಬೆಂದಿರುತ್ತದೆ. ಕೊಯ್ದ ಮೇಲೂ ಕವರ್ ಅಲುಗದಿದ್ದರೆ ಮೇಣ ಹಿಡಿದಿದೆ ಅಂತ ಅರ್ಥ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ನೇರವಾಗಿ ಮೇಲಕ್ಕೆ ಎಳೆಯಿರಿ. ತಿರುಚಬೇಡಿ. ಗಟ್ಟಿ ಅಂಟು ಸುರಿದ ಪಿಕಪ್ ಆದರೆ ಅಲ್ಲಿಗೇ ಕೈಬಿಡಿ, ಕವರ್ ಜೊತೆ ಕಾಯಿಲ್ ಕೂಡ ಎದ್ದು ಬರುತ್ತದೆ.

ಮತ್ತೆ ಹಾಕುವುದು ಇದಕ್ಕಿಂತ ಕಷ್ಟ. ಕವರ್ ಒಳಗೆ ತೆಳುವಾಗಿ ಮೇಣ ಸವರಿ, ಬೆಚ್ಚಗಿರುವಾಗಲೇ ಒತ್ತಿ ಕೂರಿಸಿ, ಕ್ಲ್ಯಾಂಪ್ ಹಾಕಿ. ಸೋಲ್ಡರ್ ಬೀಳುವ ಜಾಗವನ್ನು ಮರಳು ಕಾಗದದಿಂದ ಉಜ್ಜಿ ಲೇಪ ತೆಗೆಯಿರಿ, ಕ್ರೋಮ್ ಆದರೆ ಇನ್ನೂ ಚೆನ್ನಾಗಿ ಉಜ್ಜಬೇಕು. ಫ್ಲಕ್ಸ್ ಹಚ್ಚಿ. ಐರನ್ 60 ವ್ಯಾಟ್‌ಗೆ ಕಡಿಮೆ ಇರಬಾರದು, ಮೂತಿ ಅಗಲ ಇರಬೇಕು. ಐದಾರು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಐರನ್ ತೆಗೆದು, ತಣಿಯಲು ಬಿಟ್ಟು, ಮತ್ತೆ ಪ್ರಯತ್ನಿಸಿ.

ಹೊಸ ಕವರ್ ಕೊಳ್ಳುವ ಮೊದಲು ಸ್ಕೇಲ್ ಹಿಡಿದು ಮೊದಲನೇ ಪೋಲ್ ಸ್ಕ್ರೂ ನಡುವಿನಿಂದ ಆರನೆಯದರ ನಡುವಿಗೆ ಅಳೆಯಿರಿ. ಗಿಬ್ಸನ್ ಜಾತಿಯವು 49ರಿಂದ 50 ಮಿಲಿಮೀಟರ್, ಅಗಲದವು 52. ಎರಡು ಮಿಲಿಮೀಟರ್ ತಾನೇ ಅಂತ ಒತ್ತಿ ಕೂರಿಸಲು ಹೋಗಿ ಬಾಬಿನ್ ಬಿರುಕು ಬಿಟ್ಟಿದ್ದನ್ನು ನೋಡಿದ್ದೇನೆ.

ನನ್ನ ಗಿಟಾರ್ ಹಳೆಯದು, ಕವರ್ ಯಾವತ್ತೂ ತೆಗೆದಿಲ್ಲ. ತೆಗೆಯಲಾ?

1950-60ರ ದಶಕದ ಗಿಟಾರ್ ಆದರೆ ಮುಟ್ಟಬೇಡಿ. ಕಾರ್ಖಾನೆಯ ಸೋಲ್ಡರ್ ಹಾಗೇ ಇರುವುದಕ್ಕೆ ಬೆಲೆ ಇದೆ, ಒಮ್ಮೆ ಕೊಯ್ದರೆ ಆ ಬೆಲೆ ವಾಪಸ್ ಬರುವುದಿಲ್ಲ. ಸದ್ದು ಚುರುಕಾಗಬೇಕು ಅಂತಿದ್ದರೆ ಮೊದಲು ತಂತಿ ಬದಲಿಸಿ. ಆಮೇಲೆ ಎತ್ತರ ನೋಡಿ: ಕೊನೆ ಫ್ರೆಟ್ ಒತ್ತಿ ಹಿಡಿದಾಗ ಬ್ರಿಜ್ ಕಡೆ 1.6, ನೆಕ್ ಕಡೆ 2.4 ಮಿಲಿಮೀಟರ್‌ನಿಂದ ಶುರು ಮಾಡಿ, ಕಿವಿಗೆ ಹಿತವಾಗುವ ತನಕ ಕಾಲು ಸುತ್ತು ಕಾಲು ಸುತ್ತಾಗಿ ತಿರುಗಿಸಿ. ಕೇಬಲ್ ಚಿಕ್ಕದು ಮಾಡಿ. ಇಷ್ಟಾದ ಮೇಲೂ ಮಂಕು ಅನ್ನಿಸಿದರೆ, ಅದು ಇತ್ತೀಚಿನ ಗಿಟಾರ್ ಆದರೆ, ಕವರ್ ಒಳಗೆ ಕೆರೆದು ನೋಡಿ.

ತೆಗೆದ ಕವರ್ ಏನು ಮಾಡಲಿ?

ಜರ್ಮನ್ ಸಿಲ್ವರ್ ಆದರೆ ಸ್ಕ್ರೂಗಳ ಸಮೇತ ಒಂದು ಡಬ್ಬಿಯಲ್ಲಿ ಜೋಪಾನ ಮಾಡಿ, ಮುಂದೆ ಗಿಟಾರ್ ಮಾರುವಾಗ ಕೊಳ್ಳುವವರು ಕೇಳುತ್ತಾರೆ. ನನ್ನ ಆ ಹಳದಿ ಕವರ್‌ಗಳು ಮೇಜಿನ ಮೇಲಿವೆ. ಒಂದರಲ್ಲಿ ಪಿಕ್ ಇಡುತ್ತೇನೆ. ಇನ್ನೊಂದರಲ್ಲಿ ಇರುವ ಆರು ತೂತು ಊದುಬತ್ತಿ ಸಿಗಿಸಲು ಸರಿಯಾಗಿ ಹೊಂದುತ್ತವೆ.